ಮಿಂಚುಹುಳದ ಅಲ್ಗಾರಿದಮ್ ನಿಜವಾದ ಸೆನ್ಸರ್ ನೋಡ್‌ಗಳಲ್ಲಿ ನಡೆಯುತ್ತದೆಯೇ?

ಮಿಂಚುಹುಳಗಳು ಒಟ್ಟಿಗೆ ಮಿನುಗುವುದನ್ನು ನೋಡಿ ಸೆನ್ಸರ್ ನೋಡ್‌ಗಳನ್ನು (ಬ್ಯಾಟರಿಯಲ್ಲಿ ನಡೆಯುವ, ರೇಡಿಯೊ ಇರುವ ಪುಟ್ಟ ಸಾಧನಗಳನ್ನು) ಒಂದೇ ತಾಳಕ್ಕೆ ತರುವ ಅಲ್ಗಾರಿದಮ್ ಸಿಮ್ಯುಲೇಶನ್‌ನಲ್ಲಿ ಚೆನ್ನಾಗಿದೆ, ನಿಜವಾದ ನೋಡ್‌ಗಳಿಗೆ ಹಾಕಿದರೆ ಕೈಕೊಡುತ್ತದೆ, ಯಾಕೆ ಅಂತ ಕೇಳಿದ್ದೀರಿ. ಎಂ.ಟೆಕ್‌ನಲ್ಲಿ ಆರು ನೋಡ್ ಇಟ್ಟುಕೊಂಡು ನಾನೂ ಎರಡು ತಿಂಗಳು ಇದರಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ನಡೆಯುತ್ತದೆ, ಆದರೆ ಹುಳ ಮಾಡುವುದನ್ನು ಹಾಗ್ಹಾಗೇ ನಕಲು ಮಾಡಿದರೆ ನಡೆಯುವುದಿಲ್ಲ.

ಈ ಕಷ್ಟವೆಲ್ಲ ಬ್ಯಾಟರಿಗಾಗಿ. ಮೈಕಾಝಡ್ ಅನ್ನುವ ಮಾದರಿಯ ನೋಡ್‌ನಲ್ಲಿರುವ ಸಿಸಿ2420 ರೇಡಿಯೊ ಚಿಪ್ ಸಂದೇಶ ಕಳಿಸುವಾಗ 17.4 ಮಿಲಿಆಂಪಿಯರ್ ಎಳೆಯುತ್ತದೆ, ಸುಮ್ನೆ ಕೇಳಿಸಿಕೊಳ್ಳುತ್ತಾ ಕೂತರೆ 18.8. ಕೇಳಿಸಿಕೊಳ್ಳುವುದಕ್ಕೇ ಜಾಸ್ತಿ! ಹಾಗೇ ಬಿಟ್ಟರೆ ಎರಡು ಎಎ ಸೆಲ್ ಒಂದು ವಾರವೂ ಬರುವುದು ಕಷ್ಟ. ಅದಕ್ಕೇ ಎಲ್ಲ ನೋಡ್‌ಗಳೂ ಮಲಗಬೇಕು, ಒಟ್ಟಿಗೆ ಏಳಬೇಕು, ಮಾತು ಮುಗಿಸಿ ಮತ್ತೆ ಮಲಗಬೇಕು.

ಹುಳದ ಲೆಕ್ಕ ಸರಳ. ಪ್ರತಿಯೊಂದರಲ್ಲೂ ಒಂದು ಕೌಂಟರ್ ಏರುತ್ತಿರುತ್ತದೆ, ತುಂಬಿದಾಗ ಮಿನುಗಿ ಸೊನ್ನೆಗೆ ಬರುತ್ತದೆ. ಪಕ್ಕದ ಹುಳ ಮಿನುಗಿದ್ದು ಕಂಡರೆ ತನ್ನ ಕೌಂಟರನ್ನು ಸ್ವಲ್ಪ ಮುಂದಕ್ಕೆ ತಳ್ಳುತ್ತದೆ, ತುಂಬಲು ಹತ್ತಿರವಾದಷ್ಟೂ ಜಾಸ್ತಿ ತಳ್ಳುತ್ತದೆ. ಎಲ್ಲವೂ ಎಲ್ಲವನ್ನೂ ನೋಡುವಂತಿದ್ದರೆ ಹೆಚ್ಚುಕಡಿಮೆ ಎಲ್ಲಿಂದ ಶುರುವಾದರೂ ಕೊನೆಗೆ ಒಂದೇ ತಾಳಕ್ಕೆ ಬರುತ್ತವೆ ಅಂತ ಗಣಿತಜ್ಞರಾದ ಮಿರೋಲೊ ಮತ್ತು ಸ್ಟ್ರೋಗಾಟ್ಸ್ 1990ರಲ್ಲಿ ಗಣಿತದಿಂದಲೇ ತೋರಿಸಿದರು. ಯಜಮಾನ ನೋಡ್ ಅಂತ ಒಂದು ಇಲ್ಲವೇ ಇಲ್ಲ. ನನಗೆ ಇವತ್ತಿಗೂ ಅದೇ ಬಹಳ ಇಷ್ಟವಾಗುವ ಮಾತು.

ನೋಡ್‌ಗೆ ಮಿನುಗುವುದು ಅಂದರೆ ರೇಡಿಯೊದಲ್ಲಿ ಒಂದು ಸಂದೇಶ ಕಳಿಸುವುದು. ತೊಂದರೆ ಎಲ್ಲಿ ಅಂದರೆ, ಬೆಳಕು ತಡಮಾಡುವುದಿಲ್ಲ, ರೇಡಿಯೊ ತಡಮಾಡುತ್ತದೆ. ಚಾನೆಲ್ ಖಾಲಿ ಇದೆಯಾ ಅಂತ ನೋಡಿಕೊಂಡು, ಇಲ್ಲದಿದ್ದರೆ ಇನ್ನೊಂದಿಷ್ಟು ಹೊತ್ತು ಕಾದು ಆಮೇಲೆ ಕಳಿಸುತ್ತದೆ, ಆ ಹೊತ್ತು ಪ್ರತಿ ಸಲವೂ ಬೇರೆ. ಸಂದೇಶ ಬಂದ ಕ್ಷಣವನ್ನೇ ಮಿನುಗಿದ ಕ್ಷಣ ಅಂದುಕೊಂಡರೆ ಲೆಕ್ಕ ಕೆಟ್ಟಿತು. ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ನೂರು ಹುಳ ಒಟ್ಟಿಗೆ ಮಿನುಗಿದರೆ ಏನೂ ಆಗುವುದಿಲ್ಲ, ನೂರು ರೇಡಿಯೊ ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಯಾರಿಗೂ ಮುಟ್ಟುವುದಿಲ್ಲ, ಅಂದರೆ ನೋಡ್‌ಗಳು ತಾಳಕ್ಕೆ ಹತ್ತಿರ ಬಂದಷ್ಟೂ ಡಿಕ್ಕಿ ಜಾಸ್ತಿಯಾಗಿ ಮತ್ತೆ ಚದುರುತ್ತವೆ. ನಿಮ್ಮ ನೋಡ್‌ಗಳ ಲಾಗ್‌ನಲ್ಲೂ (ದಾಖಲೆಯಲ್ಲೂ) ಹೀಗೇ ಕಾಣುತ್ತಿದೆ ಅಲ್ವಾ?

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನಿ ರಾಧಿಕಾ ನಾಗ್ಪಾಲ್ ಮತ್ತು ಅವರ ಜೊತೆಗಾರರು 2005ರಲ್ಲಿ ಇದನ್ನು ಬಿಡಿಸಿದರು. ನೋಡ್ ಮಿನುಗಿದ ಕೂಡಲೇ ಕಳಿಸದೆ ಬೇಕೆಂದೇ ಸ್ವಲ್ಪ ಹೊತ್ತು ಬಿಟ್ಟು ಕಳಿಸುತ್ತದೆ. ಪ್ಯಾಕೆಟ್ (ಅಂದರೆ ಆ ಸಂದೇಶ) ನಿಜವಾಗಿ ಗಾಳಿಗೆ ಹೋಗುವ ಹೊತ್ತಿಗೆ ಎಷ್ಟು ತಡವಾಯಿತು ಅಂತ ಅದರೊಳಗೇ ಬರೆಯುತ್ತದೆ. ಕೇಳಿದ ನೋಡ್ ತಕ್ಷಣ ಜಿಗಿಯುವುದಿಲ್ಲ. ಆ ಸುತ್ತಿನ ಸಂದೇಶಗಳನ್ನೆಲ್ಲ ಕೂಡಿಟ್ಟುಕೊಂಡು, ಒಟ್ಟು ಎಷ್ಟು ಜಿಗಿಯಬೇಕಿತ್ತು ಅಂತ ಲೆಕ್ಕಹಾಕಿ, ಮುಂದಿನ ಸುತ್ತಿನಲ್ಲಿ ಒಂದೇ ಸಲ ಜಿಗಿಯುತ್ತದೆ. ಜಿಗಿತಕ್ಕೂ ದೊಡ್ಡ ಸೂತ್ರ ಬೇಡ, ಕೌಂಟರ್ ಇರುವ ಮಟ್ಟದ ಒಂದು ಸಣ್ಣ ಪಾಲು ಸಾಕು: 40ರಲ್ಲಿದ್ದಾಗ ಎಷ್ಟೋ 80ರಲ್ಲಿದ್ದಾಗ ಅದರ ಎರಡರಷ್ಟು. 24 ಮೈಕಾಝಡ್ ನೋಡ್‌ಗಳ ಮೇಲೆ ಇದನ್ನು ಓಡಿಸಿ 100 ಮೈಕ್ರೋಸೆಕೆಂಡಿನ ಒಳಗೆ ತಾಳ ಕೂಡಿಸಿದರು.

ಒಂದು ಎಚ್ಚರ. ಇದರಿಂದ ಸಿಗುವುದು ಬರೀ ತಾಳ, ಗಡಿಯಾರದ ಸಮಯವಲ್ಲ. ಯಾವ ಕಂಪನ ಎಷ್ಟು ಗಂಟೆಗೆ ಬಂತು ಅಂತ ದಾಖಲಿಸುವುದಿದ್ದರೆ ನೋಡ್‌ಗಳ ಗಡಿಯಾರಗಳನ್ನು ಹೊಂದಿಸುವ ಎಫ್‌ಟಿಎಸ್‌ಪಿ ಥರದ ಪ್ರೋಟೊಕಾಲನ್ನೇ ಬಳಸಿ. ಒಟ್ಟಿಗೆ ಏಳುವುದಷ್ಟೇ ಬೇಕಿದ್ದರೆ ಮೊದಲು ಆ ತಡವನ್ನು ಪ್ಯಾಕೆಟ್‌ನಲ್ಲಿ ಬರೆಯುವ ಕೋಡ್ ಒಂದನ್ನೇ ಸೇರಿಸಿ, ಎರಡೇ ನೋಡ್ ಇಟ್ಟು ನೋಡಿ. ಎರಡು ಕೂಡಿದ ಮೇಲೆ ಮೂರನೆಯದು ಹಾಕಿ.