ಅಮೆರಿಕದ ರಾಜ್ಯಗಳು ಸಂವಿಧಾನ ತಿದ್ದುಪಡಿಗಾಗಿ ಸಮಾವೇಶ ಕರೆಸಬೇಕೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಅಮೆರಿಕದ ಸಂವಿಧಾನವನ್ನು ತಿದ್ದಲು ರಾಜ್ಯಗಳೇ ಮುಂದಾಗಿ ಸಮಾವೇಶ ಕರೆಸುವುದು ಸರಿಯೇ ಎಂಬುದು ಒಂದು. ನೀವು ಈಚೆಗೆ ಮತದಾರರಾಗಿರುವ ರಾಜ್ಯದ ಶಾಸನಸಭೆಯ ಮುಂದಿರುವ, ಅಂಥ ಸಮಾವೇಶ ಕೋರುವ ‘ಕನ್ವೆನ್ಷನ್ ಆಫ್ ಸ್ಟೇಟ್ಸ್’ ನಿರ್ಣಯವನ್ನು ಬೆಂಬಲಿಸಿ ಶಾಸಕರಿಗೆ ಪತ್ರ ಬರೆಯಬೇಕೇ ಎಂಬುದು ಇನ್ನೊಂದು. ಇಲ್ಲಿನ ಕಾಲೇಜೊಂದರಲ್ಲಿ ಸರ್ಕಾರ ಮತ್ತು ಸಂವಿಧಾನದ ಪಾಠ ಮಾಡುವವನಾಗಿ ನನ್ನ ಅಭಿಪ್ರಾಯ ಇಷ್ಟು: ಆ ದಾರಿ ಸಂವಿಧಾನವೇ ರಾಜ್ಯಗಳಿಗೆ ಕೊಟ್ಟಿರುವ ಹಕ್ಕು, ಅದನ್ನು ಬಳಸುವುದರಲ್ಲಿ ತಪ್ಪಿಲ್ಲ, ಆದರೆ ನಿಮ್ಮ ಮುಂದಿರುವ ನಿರ್ಣಯ ಈಗಿರುವ ರೂಪದಲ್ಲಿ ಬೆಂಬಲಕ್ಕೆ ಯೋಗ್ಯವಲ್ಲ.

ಸಂವಿಧಾನದ 5ನೆಯ ವಿಧಿಯ ಪ್ರಕಾರ ತಿದ್ದುಪಡಿಗೆ ಎರಡು ಹಂತಗಳಿವೆ, ಮೊದಲು ಪ್ರಸ್ತಾವ, ಆಮೇಲೆ ಅನುಮೋದನೆ. ಕಾಂಗ್ರೆಸ್ಸಿನ, ಅಂದರೆ ಇಲ್ಲಿನ ಸಂಸತ್ತಿನ, ಎರಡೂ ಸದನಗಳು, ಅಂದರೆ ಪ್ರತಿನಿಧಿ ಸಭೆ ಮತ್ತು ಸೆನೆಟ್, ಮೂರನೆಯ ಎರಡರಷ್ಟು ಬಹುಮತದಿಂದ ತಿದ್ದುಪಡಿಯನ್ನು ಪ್ರಸ್ತಾಪಿಸಬಹುದು. ಇಲ್ಲವೇ ಮೂರನೆಯ ಎರಡರಷ್ಟು ರಾಜ್ಯಗಳ ಶಾಸನಸಭೆಗಳು, ಎಂದರೆ 50ರಲ್ಲಿ 34, ಅರ್ಜಿ ಸಲ್ಲಿಸಿದರೆ ಕಾಂಗ್ರೆಸ್ ಒಂದು ಸಮಾವೇಶವನ್ನು ಕರೆಯಲೇಬೇಕು, ಆಗ ಆ ಸಮಾವೇಶ ಪ್ರಸ್ತಾವಗಳನ್ನು ಮುಂದಿಡುತ್ತದೆ. ಪ್ರಸ್ತಾವ ಯಾವ ದಾರಿಯಿಂದ ಬಂದರೂ 38 ರಾಜ್ಯಗಳು ಒಪ್ಪದೆ ಅದು ಸಂವಿಧಾನದ ಭಾಗವಾಗುವುದಿಲ್ಲ. ಇದುವರೆಗೆ ರಾಜ್ಯಗಳ ಮುಂದೆ ಹೋದ ಪ್ರಸ್ತಾವಗಳು 33, ಅವುಗಳಲ್ಲಿ ಅನುಮೋದನೆ ಪಡೆದವು 27, ಮತ್ತು ಅಷ್ಟೂ ಕಾಂಗ್ರೆಸ್ಸಿನಿಂದಲೇ ಹೊರಟವು. ಎರಡನೆಯ ದಾರಿಯಲ್ಲಿ ಇಂದಿನವರೆಗೆ ಯಾರೂ ಕೊನೆಯವರೆಗೆ ನಡೆದಿಲ್ಲ.

ನಡೆಯದ ಈ ದಾರಿಯನ್ನು ಮಾಡಿದ್ದಾದರೂ ಏಕೆ? 1787ರ ಸೆಪ್ಟೆಂಬರ್ 15ರಂದು, ಈ ಸಂವಿಧಾನವನ್ನು ರಚಿಸಿದ ಫಿಲಡೆಲ್ಫಿಯಾದ ಸಭೆ ಇನ್ನೇನು ಮುಗಿಯುವುದರಲ್ಲಿದ್ದಾಗ, ವರ್ಜೀನಿಯಾದ ಜಾರ್ಜ್ ಮೇಸನ್ ಎದ್ದು ಒಂದು ಆಕ್ಷೇಪ ಎತ್ತಿದರು. ತಿದ್ದುಪಡಿಯ ಕೀಲಿ ಕಾಂಗ್ರೆಸ್ಸಿನ ಕೈಯಲ್ಲೇ ಇದ್ದರೆ, ಕಾಂಗ್ರೆಸ್ಸೇ ದಬ್ಬಾಳಿಕೆಗೆ ಇಳಿದಾಗ ಜನರಿಗೆ ಪರಿಹಾರವೇ ಇರುವುದಿಲ್ಲ ಎಂಬುದು ಅವರ ವಾದ. ಅದನ್ನು ಒಪ್ಪಿ ಸಮಾವೇಶದ ಮಾತನ್ನು ಸೇರಿಸಲಾಯಿತು. ಸಭೆಯಲ್ಲಿದ್ದ ಇನ್ನೊಬ್ಬ ಪ್ರತಿನಿಧಿ ಜೇಮ್ಸ್ ಮ್ಯಾಡಿಸನ್ ಅದಕ್ಕೆ ಅಡ್ಡಿ ಹೇಳಲಿಲ್ಲ, ಆದರೆ ಇಂಥ ಸಮಾವೇಶದ ಸ್ವರೂಪವೇನು, ಕೋರಂ ಎಷ್ಟು ಎಂಬ ಬಗೆಯ ತೊಡಕುಗಳು ಮುಂದೆ ಏಳಬಹುದೆಂದು ಅಂದೇ ಹೇಳಿದ್ದರು. ಆ ತೊಡಕುಗಳನ್ನು ಬಿಡಿಸುವ ಒಂದು ಸಾಲನ್ನೂ ಯಾರೂ ಬರೆಯಲಿಲ್ಲ. ಇಂದಿನ ಚರ್ಚೆಯ ಅರ್ಧ ಭಾಗ ಮ್ಯಾಡಿಸನ್ ಅಂದು ಎತ್ತಿದ ಪ್ರಶ್ನೆಗಳದ್ದೇ.

ಹಾಗೆಂದು ಈ ದಾರಿ ನಿಷ್ಪ್ರಯೋಜಕವಲ್ಲ. 20ನೆಯ ಶತಮಾನದ ಆರಂಭದಲ್ಲಿ ಸೆನೆಟ್ ಸದಸ್ಯರನ್ನು ಜನರೇ ನೇರವಾಗಿ ಆರಿಸಬೇಕೆಂಬ ಒತ್ತಾಯ ಬಲವಾಗಿತ್ತು. ಅಲ್ಲಿಯವರೆಗೆ ರಾಜ್ಯ ಶಾಸನಸಭೆಗಳು ಅವರನ್ನು ಆರಿಸುತ್ತಿದ್ದವು. ಪ್ರತಿನಿಧಿ ಸಭೆ ಮತ್ತೆ ಮತ್ತೆ ಒಪ್ಪಿ ಕಳುಹಿಸಿದ ತಿದ್ದುಪಡಿಯನ್ನು ಸೆನೆಟ್ ಅಲುಗಾಡಿಸದೆ ಕೂತಿತ್ತು, ತಾವು ಏರಿಬಂದ ಏಣಿಯನ್ನು ತಾವೇ ತೆಗೆಯಲು ಸೆನೆಟರುಗಳಿಗೆ ಯಾವ ಆತುರವೂ ಇರಲಿಲ್ಲ. ರಾಜ್ಯಗಳ ಅರ್ಜಿಗಳು ಒಂದೊಂದಾಗಿ ಸೇರಿ ಅಗತ್ಯ ಸಂಖ್ಯೆಯ ಹತ್ತಿರ ಬಂದಾಗ ಸೆನೆಟ್ ಮಣಿಯಿತು. 1912ರಲ್ಲಿ ಕಾಂಗ್ರೆಸ್ ತಾನೇ ಪ್ರಸ್ತಾವ ಕಳುಹಿಸಿತು, 1913ರಲ್ಲಿ 17ನೆಯ ತಿದ್ದುಪಡಿ ಜಾರಿಗೆ ಬಂತು. 1970ರ ದಶಕದಲ್ಲಿ ಕೇಂದ್ರದ ಆಯವ್ಯಯ ಸರಿದೂಗಲೇಬೇಕೆಂಬ ಚಳವಳಿಯದ್ದೂ ಇದೇ ಬಗೆಯ ಕಥೆ. 1982ರಲ್ಲಿ ಸೆನೆಟ್ ಅಂಥ ತಿದ್ದುಪಡಿಯನ್ನು 69–31 ಮತಗಳಿಂದ ಅಂಗೀಕರಿಸಿತು, ಪ್ರತಿನಿಧಿ ಸಭೆಯಲ್ಲಿ ಅದಕ್ಕೆ ಬೇಕಾದ ಬಹುಮತ ಸಿಗಲಿಲ್ಲ. 1983ರಲ್ಲಿ ಮಿಸೌರಿಯ ಅರ್ಜಿಯೊಂದಿಗೆ ಲೆಕ್ಕ 32ಕ್ಕೆ ಬಂದು, ಇನ್ನೆರಡು ಸಾಲದೆ ಅಲ್ಲಿಗೇ ನಿಂತಿತು. ಆಮೇಲೆ ಕೆಲವು ರಾಜ್ಯಗಳು ಕೊಟ್ಟ ಅರ್ಜಿಯನ್ನೇ ಹಿಂಪಡೆದವು. ಸಮಾವೇಶ ನಡೆಯದಿದ್ದರೂ ನಡೆದೀತು ಎಂಬ ಭಯ ಕೆಲಸ ಮಾಡುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ರಾಜ್ಯಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದ್ದರಿಂದ ಎಲ್ಲ ಅರ್ಜಿಗಳನ್ನೂ ಒಟ್ಟಿಗೆ ರದ್ದುಮಾಡಿ ಎನ್ನುವವರ ಮಾತಿಗೂ ನಾನು ತಲೆಯಾಡಿಸಲಾರೆ.

ನಿಮ್ಮ ಭಯಕ್ಕೆ ಬರುತ್ತೇನೆ. ಸಮಾವೇಶ ಸೇರಿದವರು ಕೊಟ್ಟ ವಿಷಯವನ್ನು ಬಿಟ್ಟು ಇಡೀ ಸಂವಿಧಾನವನ್ನೇ ಹೊಸದಾಗಿ ಬರೆದುಬಿಟ್ಟರೆ ಎಂದು ಕೇಳಿದ್ದೀರಿ. ವಿರೋಧಿಗಳ ಮುಖ್ಯ ಅಸ್ತ್ರವೂ ಇದೇ. ಅವರು ಕೊಡುವ ಉದಾಹರಣೆ 1787ರದ್ದು. ಆಗಿದ್ದ ಒಕ್ಕೂಟದ ನಿಯಮಗಳನ್ನು ಪರಿಷ್ಕರಿಸುವುದಷ್ಟೇ ಉದ್ದೇಶವೆಂದು ಆಗಿನ ಕಾಂಗ್ರೆಸ್ ಸ್ಪಷ್ಟವಾಗಿ ಹೇಳಿತ್ತು. ಸಭೆ ಸೇರಿದವರು ಹೊಸ ಸಂವಿಧಾನವನ್ನೇ ಬರೆದರು. ಎಲ್ಲ 13 ರಾಜ್ಯಗಳೂ ಒಪ್ಪಬೇಕೆಂದಿದ್ದ ನಿಯಮವನ್ನು ಪಕ್ಕಕ್ಕಿಟ್ಟು, 9 ರಾಜ್ಯಗಳು ಒಪ್ಪಿದರೆ ಅವುಗಳ ಮಟ್ಟಿಗೆ ಸಾಕು ಎಂದೂ ತಾವೇ ತೀರ್ಮಾನಿಸಿದರು. ನಿವೃತ್ತ ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್ 1988ರಲ್ಲಿ ಸಂಪ್ರದಾಯವಾದಿ ನಾಯಕಿ ಫಿಲ್ಲಿಸ್ ಶ್ಲಾಫ್ಲಿ ಅವರಿಗೆ ಬರೆದ ಪತ್ರದಲ್ಲಿ, ಒಮ್ಮೆ ಸೇರಿದ ಸಮಾವೇಶವನ್ನು ಕಟ್ಟಿಹಾಕುವ ಪರಿಣಾಮಕಾರಿ ದಾರಿಯೇ ಇಲ್ಲವೆಂದಿದ್ದರು.

ಭಾರತದಿಂದ ಬಂದ ನಮಗೆ ಈ ಭಯ ಇನ್ನಷ್ಟು ಸಹಜವಾಗಿ ಹಿಡಿಯುತ್ತದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಮೊಕದ್ದಮೆಯಲ್ಲಿ 1973ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ತಿದ್ದುಪಡಿಯ ಅಧಿಕಾರ ಸಂವಿಧಾನದ ಮೂಲ ಸ್ವರೂಪವನ್ನು ಮುಟ್ಟುವಂತಿಲ್ಲವೆಂದು ತೀರ್ಪಿತ್ತಿತು. ಅಮೆರಿಕದಲ್ಲಿ ಅಂಥ ಸಿದ್ಧಾಂತವಿಲ್ಲ. ಯಾವ ರಾಜ್ಯಕ್ಕೂ ಅದರ ಒಪ್ಪಿಗೆಯಿಲ್ಲದೆ ಸೆನೆಟಿನಲ್ಲಿ ಸಮಾನ ಸ್ಥಾನವನ್ನು ತಪ್ಪಿಸಬಾರದೆಂಬ ಒಂದು ನಿರ್ಬಂಧ ಬಿಟ್ಟರೆ, ತಿದ್ದುಪಡಿಯ ವಿಷಯಕ್ಕೆ ಇಂದು ಬೇರೆ ಬೇಲಿ ಇಲ್ಲ. ಉಳಿಯುವ ರಕ್ಷಣೆ 38 ಎಂಬ ಸಂಖ್ಯೆ ಮಾತ್ರ. ನನ್ನ ಅಂದಾಜಿನಲ್ಲಿ ಆ ಸಂಖ್ಯೆ ಬಹಳ ಗಟ್ಟಿಯಾದದ್ದು. ಎರಡು ಪಕ್ಷಗಳ ಹಿಡಿತ ಹೆಚ್ಚುಕಡಿಮೆ ಹಂಚಿಹೋಗಿರುವ ಈ ದೇಶದಲ್ಲಿ 13 ರಾಜ್ಯಗಳು ಒಪ್ಪದಿದ್ದರೆ ಪ್ರಸ್ತಾವ ಸತ್ತಂತೆ, ಮತ್ತು ನೆಬ್ರಾಸ್ಕಾ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ ಎರಡು ಸದನಗಳಿರುವುದರಿಂದ ಒಂದು ಸದನ ತಡೆದರೂ ಆ ರಾಜ್ಯದ ಒಪ್ಪಿಗೆ ಸಿಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಅನುಮೋದನೆಯನ್ನು ಶಾಸನಸಭೆಗಳ ಬದಲು ರಾಜ್ಯ ಮಟ್ಟದ ವಿಶೇಷ ಸಮಾವೇಶಗಳಿಂದ ಪಡೆಯುವಂತೆ ಕಾಂಗ್ರೆಸ್ ಸೂಚಿಸಬಹುದು. 1933ರಲ್ಲಿ ಪಾನನಿಷೇಧವನ್ನು ತೆಗೆದುಹಾಕಿದ 21ನೆಯ ತಿದ್ದುಪಡಿ ಹಾಗೆಯೇ ಬಂದದ್ದು.

ನನ್ನನ್ನು ನಿಜವಾಗಿ ಕಾಡುವುದು ಸಮಾವೇಶ ಏನು ಬರೆದೀತು ಎಂಬುದಲ್ಲ, ಅದು ಸೇರುವುದಕ್ಕೆ ಮುಂಚಿನ ಲೆಕ್ಕ. ಯಾವ ಅರ್ಜಿಯನ್ನು ಯಾವುದರ ಜೊತೆ ಕೂಡಿಸಬೇಕು? ನೂರು ವರ್ಷ ಹಳೆಯ ಅರ್ಜಿ ಇನ್ನೂ ಜೀವಂತವೇ? ಹಿಂಪಡೆದ ಅರ್ಜಿ ಹೋಯಿತೇ, ಉಳಿಯಿತೇ? ಯಾವುದಕ್ಕೂ ಕಾನೂನಿನಲ್ಲಿ ಉತ್ತರವಿಲ್ಲ. ಬರುವ ಅರ್ಜಿಗಳನ್ನು ಕ್ರಮವಾಗಿ ಪಟ್ಟಿಮಾಡಿ ಪ್ರಕಟಿಸುವ ವ್ಯವಸ್ಥೆಯನ್ನು ಪ್ರತಿನಿಧಿ ಸಭೆ ಮಾಡಿಕೊಂಡದ್ದೇ 2015ರಲ್ಲಿ. 2022ರಲ್ಲಿ ಟೆಕ್ಸಾಸಿನ ಪ್ರತಿನಿಧಿ ಜೋಡಿ ಆರಿಂಗ್ಟನ್ ಅವರು 34ರ ಸಂಖ್ಯೆ 1979ರಲ್ಲೇ ತುಂಬಿದೆ, ಆದ್ದರಿಂದ ಕಾಂಗ್ರೆಸ್ ಈಗಲೇ ಸಮಾವೇಶ ಕರೆಯಬೇಕು ಎಂಬ ನಿರ್ಣಯ ಮಂಡಿಸಿದರು. ಹೀಗೆ ಲೆಕ್ಕ ಹಾಕುವವರು ಆಯವ್ಯಯದ ಅರ್ಜಿಗಳ ಜೊತೆಗೆ ಹಳೆಯ ಕಾಲದ, ವಿಷಯವನ್ನೇ ಹೆಸರಿಸದ ಅರ್ಜಿಗಳನ್ನೂ ಕೂಡಿಸುತ್ತಾರೆ. ಅವುಗಳಲ್ಲಿ ನ್ಯೂಯಾರ್ಕ್ 1789ರಲ್ಲಿ ಕೊಟ್ಟದ್ದೂ ಸೇರುತ್ತದೆ. ಮೊದಲ ಹತ್ತು ತಿದ್ದುಪಡಿಗಳಾದ ಹಕ್ಕುಗಳ ಪಟ್ಟಿ ಸಂವಿಧಾನಕ್ಕೆ ಸೇರುವ ಮೊದಲು ಸಲ್ಲಿಸಿದ ಅರ್ಜಿಯನ್ನು ಇಂದಿನ ಸಾಲದ ಚರ್ಚೆಗೆ ಎಳೆದು ತರುವುದು ಗಣಿತವಾಗಬಹುದು, ಪ್ರಾಮಾಣಿಕತೆಯಾಗದು.

ಮತದಾನದ ವಿಷಯವೂ ಹೀಗೆಯೇ ತೆರೆದಿದೆ. ಸಮಾವೇಶದ ಪರವಾಗಿರುವವರಲ್ಲಿ ಹೆಚ್ಚಿನವರು ರಾಜ್ಯಕ್ಕೊಂದು ಮತ ಎನ್ನುತ್ತಾರೆ. 2020ರ ಜನಗಣತಿಯಲ್ಲಿ ವಯೋಮಿಂಗ್‌ನ ಜನಸಂಖ್ಯೆ 5,76,851, ಕ್ಯಾಲಿಫೋರ್ನಿಯಾದ್ದು 3.95 ಕೋಟಿ, ಆ ಲೆಕ್ಕದಲ್ಲಿ ಇಬ್ಬರದ್ದೂ ಒಂದೇ ತೂಕ. ಪ್ರತಿನಿಧಿಗಳನ್ನು ಶಾಸನಸಭೆ ನೇಮಿಸುತ್ತದೆಯೇ ಅಥವಾ ಜನ ಆರಿಸುತ್ತಾರೆಯೇ ಎಂಬುದನ್ನೂ ಸಂವಿಧಾನ ಹೇಳುವುದಿಲ್ಲ. ಇಂಡಿಯಾನಾ 2013ರಲ್ಲಿ ತನ್ನ ಪ್ರತಿನಿಧಿ ಸೂಚನೆ ಮೀರಿ ಮತ ಹಾಕಿದರೆ ಆ ಮತ ಅಸಿಂಧು, ಅವನಿಗೆ ಶಿಕ್ಷೆಯೂ ಉಂಟು ಎಂದು ಕಾನೂನು ಮಾಡಿಕೊಂಡಿತು. ಅದು ಒಂದು ರಾಜ್ಯದ ಮಟ್ಟಿಗಿನ ಏರ್ಪಾಡು. ಇಡೀ ದೇಶಕ್ಕೆ ಅನ್ವಯಿಸುವ ನಿಯಮಾವಳಿಯನ್ನು ಸೆನೆಟರ್ ಸ್ಯಾಮ್ ಎರ್ವಿನ್ ಸಿದ್ಧಪಡಿಸಿ, ಸೆನೆಟ್ 1971ರಲ್ಲಿ ಅದನ್ನು 84–0 ಮತಗಳಿಂದ ಅಂಗೀಕರಿಸಿತ್ತು. ಪ್ರತಿನಿಧಿ ಸಭೆ ಅದನ್ನು ಮುಂದಕ್ಕೆ ಒಯ್ಯಲಿಲ್ಲ.

ಈ ಖಾಲಿ ಜಾಗದ ನಡುವೆ ನಿಮ್ಮ ರಾಜ್ಯದ ಮುಂದಿರುವ ನಿರ್ಣಯವನ್ನು ಓದಿ ನೋಡಿ. ಮಾರ್ಕ್ ಮೆಕ್ಲರ್ ಮತ್ತು ಮೈಕಲ್ ಫ್ಯಾರಿಸ್ ಆರಂಭಿಸಿದ ಈ ಅಭಿಯಾನದ ಅರ್ಜಿಯನ್ನು ಮೊದಲು ಅಂಗೀಕರಿಸಿದ್ದು 2014ರಲ್ಲಿ ಜಾರ್ಜಿಯಾ. 2022ರಲ್ಲಿ ದಕ್ಷಿಣ ಕೆರೊಲಿನಾ 19ನೆಯದಾಯಿತು. ಅರ್ಜಿಯಲ್ಲಿ ಮೂರು ವಿಷಯಗಳಿವೆ: ಕೇಂದ್ರ ಸರ್ಕಾರದ ಹಣಕಾಸಿನ ಮೇಲೆ ಕಡಿವಾಣ, ಕೇಂದ್ರದ ಅಧಿಕಾರ ಹಾಗೂ ವ್ಯಾಪ್ತಿಗೆ ಮಿತಿ, ಅದರ ಅಧಿಕಾರಿಗಳಿಗೂ ಕಾಂಗ್ರೆಸ್ ಸದಸ್ಯರಿಗೂ ಅವಧಿಯ ಮಿತಿ. ಮೊದಲನೆಯದೂ ಮೂರನೆಯದೂ ಹೇಗೋ ಅರ್ಥವಾಗುತ್ತವೆ. ನಡುವಿನದು ಹಾಗಲ್ಲ. ಕೇಂದ್ರದ ಅಧಿಕಾರಕ್ಕೆ ಮಿತಿ ಎಂದರೆ ವೃದ್ಧರಿಗೆ ಪಿಂಚಣಿ ಕೊಡುವ ಸೋಶಿಯಲ್ ಸೆಕ್ಯೂರಿಟಿಯೂ ಅದರೊಳಗೆ ಬರುತ್ತದೆ, ಪರಿಸರ ಕಾನೂನೂ, ನಾಗರಿಕ ಹಕ್ಕುಗಳ ಕಾಯ್ದೆಯೂ, ವಲಸೆಯ ನಿಯಮಗಳೂ ಬರುತ್ತವೆ. ಸಮಾವೇಶ ತನ್ನ ವಿಷಯವನ್ನು ಮೀರಬಾರದೆಂದು ಅರ್ಜಿ ಹೇಳಿದರೂ, ಮೀರುವುದಕ್ಕೆ ಅದರ ಹೊರಗೆ ಬಹಳ ವಿಷಯಗಳೇ ಉಳಿದಿಲ್ಲ. ಇದು ಬರೀ ಊಹೆಯಲ್ಲ. 2016ರ ಸೆಪ್ಟೆಂಬರಿನಲ್ಲಿ ಇದೇ ಸಂಘಟನೆ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ ಶಾಸಕರನ್ನು ಸೇರಿಸಿ ಅಣಕು ಸಮಾವೇಶ ನಡೆಸಿತು. ಅಲ್ಲಿ ಅಂಗೀಕಾರವಾದವುಗಳಲ್ಲಿ, ಐದನೆಯ ಮೂರರಷ್ಟು ರಾಜ್ಯಗಳು ಸೇರಿದರೆ ಕೇಂದ್ರದ ಯಾವ ಕಾನೂನನ್ನಾದರೂ ರದ್ದುಮಾಡಬಹುದೆಂಬುದೂ, ಆದಾಯ ತೆರಿಗೆಗೆ ಆಧಾರವಾದ 16ನೆಯ ತಿದ್ದುಪಡಿಯನ್ನು ತೆಗೆಯಬೇಕೆಂಬುದೂ ಇದ್ದವು. ಇವು ಒಳ್ಳೆಯವೋ ಕೆಟ್ಟವೋ, ಅದು ಬೇರೆ ಮಾತು. ಆದರೆ ಅರ್ಜಿಗೆ ಕೈಯೆತ್ತುವ ಶಾಸಕನಿಗೆ ತಾನು ಒಪ್ಪುತ್ತಿರುವುದು ಇದಕ್ಕೆ ಎಂದು ತಿಳಿದಿರುವ ಸಾಧ್ಯತೆ ಕಡಿಮೆ.

ನಾನಿರುವ ರಾಜ್ಯದಲ್ಲಿ ಇದೇ ನಿರ್ಣಯದ ಮೇಲೆ ಸಮಿತಿ ವಿಚಾರಣೆ ನಡೆದಾಗ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ್ದೇನೆ. ಒಬ್ಬೊಬ್ಬರಿಗೆ ಎರಡು ನಿಮಿಷ, ಮುಂದೆ ಒಂದು ಚಿಕ್ಕ ಕೆಂಪು ದೀಪ. ಬಂದೂಕಿನ ಹಕ್ಕಿಗಾಗಿ ಹೋರಾಡುವ ಸಂಘದವರೊಬ್ಬರು ಎದ್ದು 2ನೆಯ ತಿದ್ದುಪಡಿಗೆ ಅಪಾಯವಿದೆಯೆಂದು ವಿರೋಧಿಸಿದರು. ಅವರ ಬೆನ್ನಿಗೇ ಶಿಕ್ಷಕರ ಸಂಘದ ಮಹಿಳೆಯೊಬ್ಬರು ನಾಗರಿಕ ಹಕ್ಕುಗಳಿಗೆ ಅಪಾಯವಿದೆಯೆಂದು ವಿರೋಧಿಸಿದರು. ಒಬ್ಬರಿಗೊಬ್ಬರು ಮುಖ ನೋಡಿಕೊಳ್ಳಲಿಲ್ಲ. ದೇಶದ ಮಟ್ಟದಲ್ಲೂ ಇದೇ ವಿಚಿತ್ರ ಕೂಟವಿದೆ: ಬಲಪಂಥದ ಜಾನ್ ಬರ್ಚ್ ಸೊಸೈಟಿಯೂ ಉದಾರವಾದಿಗಳ ಕಾಮನ್ ಕಾಸ್ ಸಂಸ್ಥೆಯೂ ಇದರ ವಿರುದ್ಧ ಒಂದೇ ಕಡೆ ನಿಂತಿವೆ. ಪರ ವಹಿಸುವವರೂ ಒಂದೇ ಪಂಥದವರಲ್ಲ. ಚುನಾವಣೆಯಲ್ಲಿ ಹಣದ ಹರಿವಿಗೆ ತಡೆ ಬೇಕೆಂಬ ವುಲ್ಫ್-ಪ್ಯಾಕ್ ಸಂಘಟನೆಯ ಒತ್ತಾಯಕ್ಕೆ 2014ರಲ್ಲಿ ವರ್ಮಾಂಟ್, ಕ್ಯಾಲಿಫೋರ್ನಿಯಾ, ಇಲಿನಾಯ್ ಅರ್ಜಿ ಸಲ್ಲಿಸಿದ್ದವು. 2023ರಲ್ಲಿ ಕ್ಯಾಲಿಫೋರ್ನಿಯಾ ಬಂದೂಕು ನಿಯಂತ್ರಣಕ್ಕಾಗಿ ಪ್ರತ್ಯೇಕ ಅರ್ಜಿಯನ್ನೂ ಅಂಗೀಕರಿಸಿತು. ತನಗೆ ಬೇಕಾದ ವಿಷಯವಾದರೆ ಸಮಾವೇಶ ಸುರಕ್ಷಿತ, ಎದುರಿನವರದ್ದಾದರೆ ಅಪಾಯ ಎಂಬ ಧೋರಣೆ ಎರಡೂ ಕಡೆ ಇದೆ.

ಹಾಗಾದರೆ ಯಾವ ಬಗೆಯ ಅರ್ಜಿಯನ್ನು ಬೆಂಬಲಿಸಬಹುದು? ಒಂದೇ ವಿಷಯ, ಆದಷ್ಟೂ ನಿರ್ದಿಷ್ಟ ಮಾತುಗಳಲ್ಲಿ. ಇಷ್ಟು ವರ್ಷದೊಳಗೆ 34 ಆಗದಿದ್ದರೆ ತಾನಾಗಿಯೇ ಬಿದ್ದುಹೋಗುವ ಗಡುವು. ಬೇರೆ ವಿಷಯದ ಅರ್ಜಿಗಳೊಂದಿಗೆ ಕೂಡಿಸಬಾರದೆಂಬ ಷರತ್ತು. ಪ್ರತಿನಿಧಿಗಳನ್ನು ಜನರೇ ಆರಿಸುವ ಏರ್ಪಾಡು. ಕಾಂಗ್ರೆಸ್ ಸದಸ್ಯರ ಅವಧಿಗೆ ಮಿತಿ ಹೇರುವುದು ಇದಕ್ಕೆ ಹೇಳಿಮಾಡಿಸಿದ ವಿಷಯ. ರಾಜ್ಯಗಳು ತಾವೇ ಅಂಥ ಮಿತಿ ವಿಧಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1995ರಲ್ಲಿ 5–4ರ ತೀರ್ಪು ಕೊಟ್ಟಿದೆ, ಮಿತಿಗೆ ಒಳಗಾಗಬೇಕಾದವರು ತಾವಾಗಿಯೇ ಅದನ್ನು ಪ್ರಸ್ತಾಪಿಸುವ ಲಕ್ಷಣವೂ ಇಲ್ಲ. ಮೇಸನ್ ಅಂದು ಮುಂಗಂಡದ್ದು ಇಂಥದೇ ಸಂದರ್ಭವನ್ನು.

ನಿಮ್ಮ ಪತ್ರದಲ್ಲಿ ಪರ ಅಥವಾ ವಿರೋಧ ಎಂದಷ್ಟೇ ಬರೆಯಬೇಡಿ. ಎರಡನೆಯ ವಿಷಯವನ್ನು ಕೈಬಿಟ್ಟು, ಗಡುವು ಸೇರಿಸಿ ತಿದ್ದುವುದಾದರೆ ಬೆಂಬಲಿಸುತ್ತೇನೆ, ಇಲ್ಲದಿದ್ದರೆ ವಿರೋಧಿಸುತ್ತೇನೆ ಎಂದು ತಿಳಿಸಿ. ಅದರ ಪ್ರತಿಯನ್ನು ನಿರ್ಣಯ ಯಾವ ಸಮಿತಿಯ ಮುಂದಿದೆಯೋ ಆ ಸಮಿತಿಯ ಅಧ್ಯಕ್ಷರಿಗೂ ವಿಚಾರಣೆಗೆ ಮುಂಚೆಯೇ ತಲುಪಿಸಿ, ಏಕೆಂದರೆ ಇಂಥ ನಿರ್ಣಯಗಳ ಪಠ್ಯಕ್ಕೆ ತಿದ್ದುಪಡಿಯಾಗುವುದಿದ್ದರೆ ಸಾಮಾನ್ಯವಾಗಿ ಆ ಹಂತದಲ್ಲೇ, ಸದನದಲ್ಲಿ ಮತಕ್ಕೆ ಬಂದ ಮೇಲೆ ಅಪರೂಪ.