"ನಾನು ಬೈ, ಆ ಶಿಬಿರಕ್ಕೆ ಹೋಗಬಹುದಾ?"

(ನನ್ನ ಬಳಿ ಸಲಹೆ ಕೇಳೋಕೆ ಬಂದ ಹುಡುಗಿಯೊಬ್ಬಳ ವಿಷಯ ಇದು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಅವಳಿಗೆ 19 ವರ್ಷ. ಗೇ, ಲೆಸ್ಬಿಯನ್, ಬೈಸೆಕ್ಷುಯಲ್ (ಚಿಕ್ಕದಾಗಿ 'ಬೈ', ಅಂದರೆ ಹುಡುಗ ಹುಡುಗಿ ಇಬ್ಬರ ಕಡೆಗೂ ಮನಸ್ಸು ಹೋಗುವವರು) ಯುವಜನರಿಗಾಗಿಯೇ ನಡೆಯುವ ಅಂತರರಾಷ್ಟ್ರೀಯ ವಿನಿಮಯ ಶಿಬಿರಕ್ಕೆ ಆಯ್ಕೆಯಾಗಿದ್ದಳು. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಪ್ಲಸ್ ಅನ್ನೋ ಶಿಕ್ಷಣ ಮತ್ತು ಯುವಜನ ಯೋಜನೆಯ ನೆರವಿನಿಂದ ನಡೆಯುವಂಥದ್ದು. 13ರಿಂದ 30 ವರ್ಷದವರು ಬೇರೆ ಬೇರೆ ದೇಶಗಳಿಂದ ಬಂದು, 5ರಿಂದ 21 ದಿನ ಒಂದೇ ಕಡೆ ಉಳಿದು, ಆಟ, ನಾಟಕ, ಚರ್ಚೆ ಅಂತ ಜೊತೆಯಾಗಿ ಕಲಿಯುತ್ತಾರೆ. ಬರುತ್ತೇನೆ ಅಂತ ಖಚಿತಪಡಿಸುವ ಮೇಲ್ ಬರೆದಿಟ್ಟುಕೊಂಡಿದ್ದಳು, ಆದರೆ ಕಳಿಸಿರಲಿಲ್ಲ.

"ಮೇಡಂ, ನನ್ನ ಬದಲು ಬೇರೆ ಯಾರಾದ್ರೂ ಹೋದ್ರೆ ಸರಿ ಅನ್ಸುತ್ತೆ. ನಾನು ಬೈ. ಇಲ್ಲಿವರೆಗೆ ಪ್ರೀತಿಸಿದ್ದು ಒಬ್ಬ ಹುಡುಗನನ್ನ ಮಾತ್ರ. ಇಲ್ಲಿ ನಿನಗೇನು ಕೆಲಸ ಅಂತ ಯಾರಾದ್ರೂ ಕೇಳಿಬಿಟ್ರೆ?"

ಬೈ ಮಕ್ಕಳು ಹೀಗೆ ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಮನೆಯವರು 'ಇದೆಲ್ಲ ನಾಲ್ಕು ದಿನದ್ದು' ಅಂತಾರೆ, ತಮ್ಮವರು ಅಂದುಕೊಂಡವರಲ್ಲೂ ಕೆಲವರು 'ನೀನು ಪೂರ್ತಿ ನಮ್ಮವಳಲ್ಲ' ಅಂತಾರೆ. ಎರಡೂ ಕಡೆ ಸಲ್ಲದೆ ಈ ಮಕ್ಕಳು ತಮ್ಮನ್ನೇ ಅನುಮಾನಿಸೋಕೆ ಶುರು ಮಾಡುತ್ತಾರೆ. ಅರ್ಜಿಯಲ್ಲಿ ಏನು ಬರೆದಿದ್ದೆ, ತೋರಿಸು ಅಂದೆ. ಮೊಬೈಲ್ ತೆಗೆದು ತೋರಿಸಿದಳು. ಯಾಕೆ ಬರಬೇಕು ಅನ್ನೋ ಪ್ರಶ್ನೆಗೆ, 'ನನ್ನಂಥವರ ಜೊತೆ ಎದುರುಬದುರು ಕೂತು ನಾನು ಯಾವತ್ತೂ ಮಾತಾಡಿಲ್ಲ' ಅಂತ ಬರೆದಿದ್ದಳು. ಅವರು ಇದನ್ನು ಓದಿಯೇ ನಿನ್ನನ್ನು ಕರೆದಿದ್ದಾರೆ, ಯಾರನ್ನು ಪ್ರೀತಿಸಿದ್ದೆ ಅನ್ನೋ ಪಟ್ಟಿ ಕೇಳಿಲ್ಲ ಅಲ್ವಾ, ಅಂದೆ. ನಿನಗೆ ಯಾರ ಕಡೆ ಮನಸ್ಸು ಹೋಗುತ್ತದೆ ಅನ್ನೋದು ನಿನಗೆ ಗೊತ್ತು. ಅದಕ್ಕೆ ಸಾಕ್ಷಿ ಒದಗಿಸೋ ಹೊಣೆ ನಿನ್ನದಲ್ಲ. ಅಲ್ಲೇ ಕೂತು ಮೇಲ್ ಕಳಿಸಿದಳು.

ಉಳಿದದ್ದು ಮನೆಯ ಮಾತು. ಅಪ್ಪ ಅಮ್ಮನಿಗೆ ಏನೂ ಗೊತ್ತಿಲ್ಲ. ಬೇರೆ ಊರಿನ ಹೆಸರು ಹೇಳಿ, ಭಾಷೆ ಕಲಿಯೋ ಶಿಬಿರ ಅಂತ ಕಥೆ ಕಟ್ಟಿ ಹೋಗೋದು ಅವಳ ಯೋಚನೆ. ಇದಕ್ಕೆ ನಾನು ಒಪ್ಪಲಿಲ್ಲ. ಯಾಕೆ ಹೋಗ್ತಿದ್ದೀಯ ಅನ್ನೋದರ ಒಳಗುಟ್ಟು ನಿನ್ನದು, ಅದನ್ನು ಯಾರಿಗೆ, ಯಾವಾಗ ಹೇಳಬೇಕು ಅನ್ನೋದೂ ನಿನ್ನ ಇಷ್ಟ. ಆದರೆ ಎಲ್ಲಿರ್ತೀಯ, ಯಾವ ದಿನ ವಾಪಸ್, ಗುಂಪಿನ ನಾಯಕರ ಫೋನ್ ನಂಬರ್ ಏನು, ಇಷ್ಟು ಸತ್ಯವೇ ಆಗಿರಬೇಕು. ಅಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದರೆ ಮನೆಯವರು ಬೇರೆ ಊರಲ್ಲಿ ನಿನ್ನನ್ನು ಹುಡುಕೋ ಹಾಗಾಗಬಾರದು. 'ಅಂತರರಾಷ್ಟ್ರೀಯ ಯುವ ವಿನಿಮಯ' ಅನ್ನೋದು ಸುಳ್ಳಲ್ಲ, ಅಷ್ಟು ಹೇಳು ಸಾಕು. ಪೂರ್ತಿ ವಿಷಯ ಗೊತ್ತಿರೋ ನಂಬಿಕಸ್ಥ ದೊಡ್ಡವರು ಒಬ್ಬರಾದರೂ ಇರಲಿ. (18 ತುಂಬದವರಿಗೆ ಸಾಮಾನ್ಯವಾಗಿ ಹೆತ್ತವರ ಸಹಿ ಬೇಕಾಗುತ್ತದೆ, ಆಗ ಈ ದಾರಿ ನಡೆಯೋದಿಲ್ಲ.)

ಹೊರಡೋ ಹಿಂದಿನ ರಾತ್ರಿ ಎಲ್ಲಾ ಹೇಳಿಬಿಡೋಣ ಅಂತಲೂ ಒಮ್ಮೆ ಅಂದಳು. ಬೇಡ ಅಂದೆ. ಅವಳ ಓದು, ಊಟ, ವಸತಿ ಎಲ್ಲ ಹೆತ್ತವರ ಕೈಯಲ್ಲಿದೆ. ಅವರು ಸಿಟ್ಟಿನಲ್ಲಿ ಹೊರಗೆ ಹಾಕಿದರೆ ಎಲ್ಲಿ ಹೋಗ್ತೀಯ ಅನ್ನೋದಕ್ಕೆ ಉತ್ತರ ಸಿಗೋವರೆಗೆ ಹೇಳೋ ಆತುರ ಬೇಡ.

ಫೋಟೋ ವಿಚಾರ ಚಿಕ್ಕದು ಅನ್ಸುತ್ತೆ, ಆದರೆ ಗುಟ್ಟು ರಟ್ಟಾಗೋದು ಇಲ್ಲೇ ಜಾಸ್ತಿ. ಯಾರೋ ಖುಷಿಯಲ್ಲಿ ಗುಂಪಿನ ಫೋಟೋ ಹಾಕಿ ಇವಳನ್ನು ಟ್ಯಾಗ್ ಮಾಡಿದರೆ ಅತ್ತೆ ಮಗನ ಮೊಬೈಲಿಗೂ ಅದು ಹೋಗಬಹುದು. ಹಾಗಾಗಿ ಹೋಗೋಕೆ ಮುಂಚೆಯೇ ಆಯೋಜಕರಿಗೆ ಮೇಲ್ ಮಾಡಿಸಿದೆ: ನನ್ನ ಮುಖ ಯಾವ ಪ್ರಚಾರದಲ್ಲೂ ಬರಬಾರದು. ಟ್ಯಾಗ್‌ಗೆ ಮೊದಲು ಅನುಮತಿ ಕೇಳೋ ಸೆಟ್ಟಿಂಗ್ ಆನ್ ಮಾಡಿಕೊಂಡಳು. ಕೊನೆಗೆ ಕೊಡೋ ಯೂತ್‌ಪಾಸ್ ಪ್ರಮಾಣಪತ್ರದಲ್ಲಿ ಕಾರ್ಯಕ್ರಮದ ವಿವರವೂ ಇರುತ್ತದೆ, ಅದನ್ನು ಮನೆಯ ಮೇಜಿನ ಮೇಲೆ ಬಿಡಬೇಡ ಅಂತಲೂ ಹೇಳಿದೆ. ಅವಳ ದಾರಿಯಲ್ಲಿ ಕಾನೂನಿನ ತೊಂದರೆ ಇರಲಿಲ್ಲ. ಆದರೆ ಸಲಿಂಗ ಸಂಬಂಧವನ್ನು ಇವತ್ತಿಗೂ ಅಪರಾಧ ಅನ್ನೋ ದೇಶಗಳು 60ಕ್ಕೂ ಹೆಚ್ಚಿವೆ. ನೀವು ಹೊರಡೋರಾದರೆ ವಿಮಾನ ಬದಲಿಸೋ ದೇಶದ ಕಾನೂನನ್ನೂ ನೋಡಿಕೊಳ್ಳಿ.

ಅಲ್ಲಿ ಯಾರಾದರೂ ಇಷ್ಟ ಆಗಬಹುದು, ಒಳ್ಳೇದೇ. ನಮ್ಮವರೇ ಅಲ್ವಾ ಅಂತ ಬೇಡದ್ದಕ್ಕೆ ಹೂಂ ಅನ್ನಬೇಕಿಲ್ಲ.

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಿದ್ದು ವಾಪಸ್ ಬಂದಮೇಲಿನ ದಿನಗಳ ಬಗ್ಗೆ. ಅಷ್ಟು ದಿನ ಏನನ್ನೂ ಮುಚ್ಚಿಡದೆ ನಕ್ಕು, ಹರಟಿ ಬಂದವರು ಮನೆಯಲ್ಲಿ ಮತ್ತೆ ಮಾತು ಅಳೆದು ಆಡಬೇಕಾಗುತ್ತದೆ. ಹೋಗೋಕೆ ಮುಂಚಿನ ಒಂಟಿತನಕ್ಕಿಂತ ಇದು ಜಾಸ್ತಿ ನೋಯಿಸುತ್ತದೆ, ಯಾಕಂದ್ರೆ ಬೇರೆ ಥರ ಬದುಕಬಹುದು ಅಂತ ಈಗ ಗೊತ್ತಾಗಿದೆ. ಹಾಗಾಗಿ ಬಂದ ವಾರವೇ ನನ್ನನ್ನು ಕಾಣೋದು, ಶಿಬಿರದ ಗೆಳತಿಯರ ಜೊತೆ ವಾರಕ್ಕೊಮ್ಮೆ ವಿಡಿಯೋ ಕಾಲ್, ಮೊದಲ ಕೆಲವು ವಾರ ದೊಡ್ಡ ನಿರ್ಧಾರ ಯಾವುದೂ ಬೇಡ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಬಂದವಳು ಮೊದಲ ಭೇಟಿಯಲ್ಲಿ ಮಾತಾಡಿದ್ದಕ್ಕಿಂತ ಅತ್ತದ್ದೇ ಹೆಚ್ಚು. "ಅಲ್ಲಿ ಯಾರೂ ನನ್ನನ್ನ ಪ್ರಶ್ನೆ ಮಾಡ್ಲಿಲ್ಲ ಮೇಡಂ" ಅಂದಳು. ಅಳು ಬೇಗ ನಿಲ್ಲಿಸೋ ಪ್ರಯತ್ನ ನಾನು ಮಾಡಲಿಲ್ಲ.

ಈಗ ಅಕ್ಕನಿಗೆ ಹೇಳಿದ್ದಾಳೆ. ಅಪ್ಪ ಅಮ್ಮನಿಗೆ ಇನ್ನೂ ಇಲ್ಲ. ಮುಂದಿನ ಸಲ ಗುಂಪಿನ ನಾಯಕಿಯಾಗಿ ಹೋಗಬೇಕು ಅನ್ನೋ ಆಸೆ ಬಂದಿದೆ. ಅದಕ್ಕೆ 18 ತುಂಬಿದ್ದರೆ ಸಾಕು. ಅರ್ಜಿ ಹಾಕು ಅಂದಿದ್ದೇನೆ.