ರಾತ್ರಿ ಕಾವಲಿಗೆ ಕೂತ ಟೀಚರ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದೆಂದು ವಯಸ್ಸು, ಮನೆ ಮತ್ತು ಕೆಲಸದ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಬಂದವರು ದಕ್ಷಿಣ ಕನ್ನಡದ ಒಂದು ಸರ್ಕಾರಿ ಹೈಸ್ಕೂಲಿನ ಟೀಚರ್. ನಲವತ್ತರ ಆಸುಪಾಸು. ಗಂಡ ದುಬೈಯಲ್ಲಿ. ಮಗಳು ಮಂಗಳೂರಿನ ಕಾಲೇಜಿಗೆ ದಿನಾ ಬಸ್ಸಲ್ಲಿ ಹೋಗಿ ಬರುತ್ತಾಳೆ. ಮನೆಯಲ್ಲಿ ಅತ್ತೆ ಇದ್ದಾರೆ. 2025ರ ಜೂನ್ ಮೊದಲ ವಾರ, ಜೋರು ಮಳೆಯ ದಿನ ಬಂದರು. ನಿದ್ದೆ ಇಲ್ಲ, ಎದೆ ಡವಡವ, ಕ್ಲಾಸಿನಲ್ಲಿ ಸಣ್ಣ ಮಾತಿಗೂ ರೇಗಾಟ. "ಸುಸ್ತು ಮೇಡಂ. ಮಲಗಿದ್ರೂ ಸುಸ್ತು, ಎದ್ದರೂ ಸುಸ್ತು."

ಆ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ಸುಸ್ತಾಗದವರೇ ಕಡಿಮೆ ಇದ್ದರು. ಏಪ್ರಿಲ್ 22ಕ್ಕೆ ಕಾಶ್ಮೀರದ ಪಹಲ್ಗಾಮ್‌ನಲ್ಲಿ ಪ್ರವಾಸಿಗರ ಮೇಲೆ ಉಗ್ರರ ದಾಳಿ. 27ಕ್ಕೆ ಮಂಗಳೂರಿನ ಕುಡುಪುವಿನಲ್ಲಿ ಗುಂಪು ಹಲ್ಲೆಗೆ ಒಬ್ಬರ ಸಾವು. ಮೇ 1ರಂದು ಬಜ್ಪೆಯಲ್ಲಿ ಕೊಲೆ, ಮರುದಿನ ಬಂದ್. ಮೇ 7ರಿಂದ 10ರವರೆಗೆ ಪಾಕಿಸ್ತಾನದ ಗಡಿಯಲ್ಲಿ ಯುದ್ಧದ ವಾತಾವರಣ, ಟಿವಿಯಲ್ಲಿ ಸೈರನ್ ಸದ್ದು. ಇನ್ನೇನು ಉಸಿರು ಬಿಡಬೇಕು ಅನ್ನುವಾಗ ಮೇ 27ಕ್ಕೆ ಬಂಟ್ವಾಳ ತಾಲೂಕಿನಲ್ಲಿ ಇನ್ನೊಂದು ಕೊಲೆ, ಮತ್ತೆ ನಿಷೇಧಾಜ್ಞೆ. ಎರಡು ದಿನ ಬಿಟ್ಟು ಶಾಲೆ ಶುರು.

ಟೀಚರ್ ಯಾವ ಸಮುದಾಯದವರು ಅಂತ ನಾನು ಬರೆಯುವುದಿಲ್ಲ. ನೀವು ಊಹೆ ಮಾಡುವುದೂ ಬೇಡ. ಅವರ ಕ್ಲಾಸಿನಲ್ಲಿ ಎಲ್ಲ ಮನೆಯ ಮಕ್ಕಳೂ ಇದ್ದಾರೆ. ಪೋಷಕರ ವಾಟ್ಸಾಪ್ ಗ್ರೂಪಿಗೆ ಅವರೇ ಅಡ್ಮಿನ್. ತೊಂದರೆ ಶುರುವಾದದ್ದು ಅಲ್ಲಿಂದ.

ಮಾತಾಡುವಾಗ ಫೋನನ್ನು ಮೇಜಿನ ಮೇಲೆ, ಪರದೆ ಕಾಣುವ ಹಾಗೆ ಇಟ್ಟಿದ್ದರು. ಸೈಲೆಂಟ್‌ನಲ್ಲಿತ್ತು. ಆದರೆ ಪರದೆ ಬೆಳಗಿದಾಗಲೆಲ್ಲ ವಾಕ್ಯ ಅರ್ಧಕ್ಕೇ ನಿಲ್ಲುತ್ತಿತ್ತು. ಕಣ್ಣು ಅತ್ತ ಹೋಗಿ, ಹೆಸರು ಓದಿ, ವಾಪಸ್ ಬರುತ್ತಿತ್ತು. "ಎಂತ ಹೇಳ್ತಿದ್ದೆ ನಾನು?" ಅಂತ ಕೇಳುತ್ತಿದ್ದರು. ಬ್ಯಾಗಿನೊಳಗೆ ಇಡಿ ಅಂತ ನಾನು ಹೇಳಲಿಲ್ಲ. ನೋಡುತ್ತಾ ಕೂತೆ. ಅವರ ಕಾಯಿಲೆಯ ಅರ್ಧ ಕತೆ ಅಲ್ಲೇ ಕಾಣುತ್ತಿತ್ತು.

ರಾತ್ರಿ ಏನು ಮಾಡುತ್ತೀರಿ ಅಂತ ಕೇಳಿದೆ. ಊಟ ಆದ ಮೇಲೆ ಟಿವಿ ಚರ್ಚೆ. ಹತ್ತಕ್ಕೆ ಒಂದು ಚಾ. ಆಮೇಲೆ ಗಂಡನ ಫೋನ್. ಅವರು ಅಲ್ಲಿ ಕೂತು ಕನ್ನಡ ಚಾನೆಲ್‌ಗಳನ್ನೇ ನೋಡುತ್ತಾರೆ. "ನಿಮ್ಮ ಹತ್ತಿರ ಎಂತದೋ ಆಗಿದೆಯಂತೆ, ನಿನಗೆ ಗೊತ್ತಿಲ್ವಾ?" ಅಂತ ಒಂದು ಫಾರ್ವರ್ಡ್ ಕಳಿಸುತ್ತಾರೆ. ಟೀಚರ್ ಅದರ ಬೆನ್ನು ಹತ್ತುತ್ತಾರೆ. ವಿಡಿಯೋ ಹಳೆಯದಾ, ಬೇರೆ ರಾಜ್ಯದ್ದಾ, ನಮ್ಮ ಊರಿನದ್ದಾ? ಅಷ್ಟರಲ್ಲಿ ಗ್ರೂಪಿನಲ್ಲಿ ಇನ್ನೊಂದು ಬಂದಿರುತ್ತದೆ. ಒಂದೂವರೆ, ಎರಡು ಗಂಟೆ. ಐದೂವರೆಗೆ ಏಳಬೇಕು.

"ನಿಲ್ಲಿಸಿದರೆ ಏನಾಗುತ್ತದೆ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಾನು ಮಲಗಿದಾಗ ಏನಾದ್ರೂ ಆದ್ರೆ?"

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಇದನ್ನು ಮೊಬೈಲ್ ಚಟ ಅಂತ ಕರೆದು ಕೈತೊಳೆದುಕೊಳ್ಳಬಹುದಿತ್ತು. ಮನೆಯವರು ಅದನ್ನೇ ಮಾಡಿದ್ದರು. ಆದರೆ ಈಕೆ ಕಾವಲು ಕಾಯುತ್ತಿದ್ದರು. ಕಾವಲಿಗೆ ಕೂತವರಿಗೆ "ಫೋನ್ ಬದಿಗಿಟ್ಟು ಮಲಗು" ಅಂದರೆ ಸಿಟ್ಟು ಬರುತ್ತದೆ ಅಷ್ಟೆ. "ಪಾಸಿಟಿವ್ ಆಗಿ ಯೋಚಿಸಿ" ಅಂದರಂತೂ ಮುಗಿಯಿತು. ಅವರ ಭಯ ಸುಳ್ಳೂ ಅಲ್ಲ. ಬಂದ್ ದಿನ ಮಗಳು ಬಸ್ಸಿನಲ್ಲಿದ್ದರೆ ಯಾವ ತಾಯಿಗೂ ಹೆದರಿಕೆ ಆಗುತ್ತದೆ. ಹಾಗಾಗಿ ಭಯವನ್ನು ಹೋಗಲಾಡಿಸುವ ಕೆಲಸಕ್ಕೆ ನಾನು ಇಳಿಯಲಿಲ್ಲ. ಭಯ ಇದ್ದರೂ ರಾತ್ರಿ ನಿದ್ದೆ ಮಾಡುವುದು ಹೇಗೆ ಅನ್ನುವುದಷ್ಟೇ ನಮ್ಮ ಮುಂದಿದ್ದ ಪ್ರಶ್ನೆ.

ಮೊದಲು ಬಿಪಿ ಮತ್ತು ಥೈರಾಯ್ಡ್ ಪರೀಕ್ಷೆಗೆ ಕಳಿಸಿದೆ. ಎದೆ ಡವಡವ ಅಂದರೆ ಎಲ್ಲವೂ ಮನಸ್ಸಿನದ್ದೇ ಆಗಿರಬೇಕಿಲ್ಲ. ಎರಡೂ ಸರಿ ಇತ್ತು. ಬದುಕು ಬೇಡ ಅನ್ನುವ ಯೋಚನೆ ಬರುತ್ತದಾ ಅಂತಲೂ ನೇರವಾಗಿ ಕೇಳಿದೆ. ಇಲ್ಲ ಅಂದರು. ನಿದ್ದೆ ಮಾತ್ರೆ ಕೊಡ್ತೀರಾ ಅಂದರು. ಮಾತ್ರೆ ಬರೆಯುವುದು ಮನೋವೈದ್ಯರ ಕೆಲಸ. ಎರಡು ವಾರ ನೋಡೋಣ, ಆಗಲೂ ನಿದ್ದೆ ಬಾರದಿದ್ದರೆ ಅವರ ಹತ್ತಿರ ಕಳಿಸುತ್ತೇನೆ ಅಂದೆ.

ಆಮೇಲೆ ಒಂದು ನೋಟ್‌ಬುಕ್ ಕೆಲಸ ಕೊಟ್ಟೆ. ಟೀಚರ್ ಅಲ್ವಾ, ಖುಷಿಯಿಂದ ಗೆರೆ ಹಾಕಿಕೊಂಡರು. ಎಡಗಡೆ ಯಾವ ಹೊತ್ತಿಗೆ ಏನು ನೋಡಿದೆ ಅಂತ, ಬಲಗಡೆ ಅದನ್ನು ನೋಡಿ ಏನು ಮಾಡಿದೆ ಅಂತ. ಬೇಜಾರಾದದ್ದು, ಸಿಟ್ಟು ಬಂದದ್ದು ಬರೆಯುವಂತಿಲ್ಲ. ಕೈಯಿಂದ ಆದ ಕೆಲಸ ಮಾತ್ರ.

ಮುಂದಿನ ವಾರ ತಂದರು. ಎಡಗಡೆ ತುಂಬಿ ಹೋಗಿತ್ತು. ಬಲಗಡೆ ಕೆಲವೇ ಸಾಲು: ಮಳೆಗೆ ರಜೆ ಇದೆಯಾ ಅಂತ ಹೆಡ್‌ಮಾಸ್ಟರನ್ನು ಕೇಳಿ ಪೋಷಕರಿಗೆ ತಿಳಿಸಿದ್ದು. ಆಟೋ ಬರುವುದಿಲ್ಲ ಅಂದ ಮಕ್ಕಳಿಗೆ ಬೇರೆ ಆಟೋ ಹೊಂದಿಸಿದ್ದು. ಎಲ್ಲವೂ ಹಗಲಿನ ಕೆಲಸ. ರಾತ್ರಿಯದ್ದು ಒಂದೇ ಒಂದು. ಹನ್ನೊಂದರ ಹೊತ್ತಿಗೆ, ನಮ್ಮ ಶಾಲೆಯ ಹುಡುಗನಿಗೆ ಯಾರೋ ಹೊಡೆದಿದ್ದಾರೆ ಅಂತ ಒಂದು ಆಡಿಯೋ ಬಂದಿತ್ತು. ಟೀಚರ್ ಹುಡುಗನ ಮನೆಗೇ ಫೋನ್ ಮಾಡಿದರು. ಹುಡುಗ ಉಂಡು ಮಲಗಿದ್ದ. ಅದನ್ನು ಗ್ರೂಪಿನಲ್ಲಿ ಹಾಕಿದರು, ಗಲಾಟೆ ಅಲ್ಲಿಗೇ ನಿಂತಿತು.

"ನೋಡಿ ಮೇಡಂ, ನಾನು ಮಲಗಿದ್ರೆ?" ಅಂದರು, ಗೆದ್ದವರ ಹಾಗೆ.

ಅವರ ಮಾತು ಸರಿಯೇ. ಆ ರಾತ್ರಿ ಯಾರೋ ಒಬ್ಬರು ಎಚ್ಚರ ಇರಲೇಬೇಕಿತ್ತು. ಹಾಗಾದರೆ ಪ್ರತಿ ರಾತ್ರಿ ನೀವೇ ಯಾಕೆ ಇರಬೇಕು ಅಂತ ಕೇಳಿದೆ. ಉತ್ತರ ಇರಲಿಲ್ಲ. ಯಾರೂ ಅವರಿಗೆ ಹೇಳಿರಲಿಲ್ಲ, ಅವರೂ ಯಾರನ್ನೂ ಕೇಳಿರಲಿಲ್ಲ.

ಇಂಥ ದಿನಗಳಲ್ಲಿ ನನ್ನ ಹತ್ತಿರ ಬರುವ ಎಷ್ಟೋ ಜನರ ಸುಸ್ತಿನ ಬೇರು ಇದೇ. ಪತ್ರಕರ್ತರು, ಸಂಘಟನೆಯವರು, ವಕೀಲರು, ಹೀಗೆ ಟೀಚರುಗಳು. ಕೆಲಸ ಜಾಸ್ತಿ ಅನ್ನುವುದಕ್ಕಿಂತ, ಆ ಕೆಲಸಕ್ಕೆ ಪಾಳಿ ಇಲ್ಲ. ಪಾಳಿ ಇಲ್ಲದ ಕಾವಲುಗಾರ ಮಲಗಿದರೆ ಅವನಿಗೆ ಅದು ವಿಶ್ರಾಂತಿ ಅನಿಸುವುದಿಲ್ಲ, ತಪ್ಪು ಮಾಡಿದ ಹಾಗೆ ಅನಿಸುತ್ತದೆ. ಅವನನ್ನು ರೆಸಾರ್ಟಿಗೆ ಕಳಿಸಿದರೂ ಅಲ್ಲಿ ಕೂತು ಫೋನೇ ನೋಡುತ್ತಾನೆ.

ಟೀಚರ್ ಅವರ ಅಣ್ಣ ಯಕ್ಷಗಾನ ಮೇಳವೊಂದರಲ್ಲಿ ಮದ್ದಳೆ ಬಾರಿಸುವವರು. ಮಾತಿನ ಮಧ್ಯೆ ಟೀಚರೇ ಹೇಳಿದರು: "ಅಣ್ಣನಿಗೆ ಪತ್ತನಾಜೆ ಆಯ್ತು, ಈಗ ಮನೆಯಲ್ಲಿ ಗೊರಕೆ. ನಮಗೆಲ್ಲಿ ಪತ್ತನಾಜೆ?" ತುಳು ತಿಂಗಳು ಬೇಶದ ಹತ್ತನೇ ದಿನ ಪತ್ತನಾಜೆ. ಮೇಳದವರು ಅಂದು ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ದೀಪಾವಳಿ ಕಳೆದ ಮೇಲೆ. ಗೆಜ್ಜೆ ಬಿಚ್ಚಿದ್ದಕ್ಕೆ ಯಾವ ಕಲಾವಿದನೂ ನಾಚಿಕೆಪಡುವುದಿಲ್ಲ, ಯಾಕೆಂದರೆ ಬಿಚ್ಚುವ ದಿನವನ್ನು ಅವನೊಬ್ಬನೇ ತೀರ್ಮಾನ ಮಾಡಿದ್ದಲ್ಲ. ನನಗೆ ಬೇಕಾದ ಮಾತು ಅವರ ಬಾಯಲ್ಲೇ ಸಿಕ್ಕಿತು. ನಿಮ್ಮ ಗ್ರೂಪಿಗೂ ಹೀಗೊಂದು ಗೊತ್ತಾದ ಹೊತ್ತು ಬೇಕು ಅಂದೆ.

ಸಲಹೆಯ ಮುಖ್ಯ ಭಾಗ ಇದು: ಇನ್ನಿಬ್ಬರನ್ನು ಅಡ್ಮಿನ್ ಮಾಡಿ. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಅಡ್ಮಿನ್‌ಗಳಷ್ಟೇ ಮೆಸೇಜ್ ಹಾಕುವಂತೆ ಸೆಟ್ಟಿಂಗ್ ಬದಲಾಯಿಸಿ. ತುರ್ತು ಇದ್ದವರು ಆ ವಾರದ ಪಾಳಿಯವರಿಗೆ ಫೋನ್ ಮಾಡಲಿ. ಜೀವಕ್ಕೆ ಅಪಾಯ ಅಂದರೆ 112. ಎರಡು ಬಾಣದ ಗುರುತಿನ, ಹಲವು ಬಾರಿ ಫಾರ್ವರ್ಡ್ ಆದ ಸಂದೇಶಕ್ಕೆ ರಾತ್ರಿ ಹೊತ್ತು ಉತ್ತರ ಇಲ್ಲ. ಪಾಳಿ ಬದಲಾಗುವಾಗ "ಇವತ್ತಿಂದ ನೀವು" ಅಂತ ಬಾಯಿಬಿಟ್ಟು ಹೇಳಬೇಕು. ಹೆಸರು ಹಿಡಿದು ಒಪ್ಪಿಸದ ಕೆಲಸ ಒಪ್ಪಿಸಿದ ಹಾಗಲ್ಲ.

ಕೇಳಲು ಸುಲಭ. ಎರಡು ವಾರ ಅವರು ಮಾಡಲಿಲ್ಲ. ಒಬ್ಬರು ಸುಲಭವಾಗಿ ಸಿಕ್ಕಿದರು, ಬೀಡಿ ಕಟ್ಟುವ ಒಬ್ಬ ತಾಯಿ, ಊರೆಲ್ಲ ಪರಿಚಯ. ಇನ್ನೊಬ್ಬರು ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ ಸಮಿತಿ) ಸದಸ್ಯರು, ಬೇರೆ ಸಮುದಾಯದವರು, ಹಾರ್ಡ್‌ವೇರ್ ಅಂಗಡಿ. ಮೊದಲಾಗಿದ್ದರೆ ಯೋಚನೆಯೇ ಬರುತ್ತಿರಲಿಲ್ಲ. ಈಗ ಟೀಚರ್ ತಡವರಿಸಿದರು. "ಒಳ್ಳೆಯವರೇ. ಆದ್ರೂ..." ಆ "ಆದ್ರೂ" ಮೇ ತಿಂಗಳು ನಮ್ಮೆಲ್ಲರೊಳಗೆ ಬಿಟ್ಟು ಹೋದದ್ದು. ನಾನು ಒತ್ತಾಯ ಮಾಡಲಿಲ್ಲ. ಅವರ ಅಂಗಡಿಗೆ ಹೋಗಿ ನೇರ ಮಾತಾಡಿ, ಆಮೇಲೆ ತೀರ್ಮಾನಿಸಿ ಅಂದೆ. ಹೋದರು. ಆ ಮನುಷ್ಯ ಹೇಳಿದ್ದು: "ಟೀಚರೇ, ನಾನೂ ಎರಡು ಗಂಟೆವರೆಗೆ ಅದೇ ಗ್ರೂಪ್ ನೋಡ್ತಾ ಇರುದು ಮಾರಾಯ್ರೆ. ನೀವು ಆನ್‌ಲೈನ್ ಇರುದು ಕಾಣ್ತದೆ." ಇಬ್ಬರೂ ಒಂದೇ ಬಾಗಿಲನ್ನು, ಒಬ್ಬರಿಗೊಬ್ಬರು ಹೇಳದೆ, ಕಾಯುತ್ತಿದ್ದರು. ನಗು ಬಂತಂತೆ. ಪಾಳಿ ಶುರುವಾಯಿತು.

ಸುದ್ದಿಯನ್ನು ಪೂರ್ತಿ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಸಮಾಜದಲ್ಲಿ ಬದುಕುವವರಿಗೆ ಸುದ್ದಿ ಬೇಕು. ಆದರೆ ಅಳತೆಗೂ ಒಂದು ಲೆಕ್ಕ ಇದೆ. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ಕ್ಯಾಲಿಫೋರ್ನಿಯಾದ ಸಂಶೋಧಕರು ಒಂದು ಅಧ್ಯಯನ ಮಾಡಿದರು. ಮೊದಲ ವಾರ ದಿನಕ್ಕೆ 6 ಗಂಟೆ ಅಥವಾ ಹೆಚ್ಚು ಹೊತ್ತು ಅದರ ಸುದ್ದಿ ನೋಡಿದವರಲ್ಲಿ, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತಲೂ ಹೆಚ್ಚು ಒತ್ತಡದ ಲಕ್ಷಣಗಳು ಕಂಡವು. ಇದನ್ನು ಹೇಳಿದಾಗ ಟೀಚರ್ ನಂಬಲಿಲ್ಲ. ಆಮೇಲೆ ಬೆರಳು ಮಡಚಿ ತಮ್ಮ ಗಂಟೆ ಎಣಿಸಿದರು. ಟಿವಿ, ಫೋನ್, ಸ್ಟಾಫ್ ರೂಮಿನ ಮಾತು. ಆರು ದಾಟಿತು.

ಬೆಳಗ್ಗೆ ಪೇಪರ್, ಸಂಜೆ ಅರ್ಧ ಗಂಟೆ ಟಿವಿ ವಾರ್ತೆ. ಚರ್ಚೆ ಬೇಡ. ಚರ್ಚೆಯಲ್ಲಿ ಹೊಸ ಸುದ್ದಿ ಇರುವುದಿಲ್ಲ, ಹಳೆ ಸುದ್ದಿಯನ್ನೇ ಜೋರಾಗಿ ಕೂಗಿ ಹೇಳುತ್ತಾರೆ. ಹತ್ತು ಗಂಟೆಯ ಚಾ ನಿಲ್ಲಿಸಿ. ಫೋನ್ ಹಾಲ್‌ನಲ್ಲಿ ಚಾರ್ಜಿಗಿರಲಿ. ಮಗಳು, ಗಂಡ, ಹೆಡ್‌ಮಾಸ್ಟರ್, ಪಾಳಿಯವರು ಕರೆ ಮಾಡಿದರೆ ಮಾತ್ರ ರಿಂಗ್ ಆಗುವ ಹಾಗೆ ಸೆಟ್ಟಿಂಗ್ ಮಾಡಿಕೊಂಡೆವು. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಕೂತು, ಮಂದ ಬೆಳಕಲ್ಲಿ ಏನಾದರೂ ಮಡಚಿ, ಜೋಡಿಸಿ, ನಿದ್ದೆ ತೂಗಿದಾಗ ಮತ್ತೆ ಮಲಗಿ ಅಂದೆ. ಮಗಳು ಬಸ್ ಹತ್ತಿದಾಗ, ಇಳಿದಾಗ ಎರಡು ಮೆಸೇಜ್. ಮಧ್ಯೆ ಲೊಕೇಶನ್ ನೋಡುವಂತಿಲ್ಲ. ಇದಕ್ಕೆ ಮಗಳೇ ನನಗೆ ಥ್ಯಾಂಕ್ಸ್ ಹೇಳಿ ಕಳಿಸಿದಳು.

ಗಂಡನ ಜೊತೆ ವಿಡಿಯೋ ಕಾಲ್‌ನಲ್ಲಿ ಒಂದು ಸಲ ಮಾತಾಡಿದೆ. ಅವರೂ ಕಾವಲುಗಾರರೇ. ದೂರದಲ್ಲಿದ್ದವರಿಗೆ ಭಯ ಇನ್ನೂ ಜಾಸ್ತಿ, ಏನೂ ಮಾಡಲಾಗುವುದಿಲ್ಲವಲ್ಲ. ಫಾರ್ವರ್ಡ್ ಕಳಿಸುವುದೇ ಅವರಿಗೆ ಕಾಳಜಿ ತೋರಿಸುವ ದಾರಿಯಾಗಿತ್ತು. ಕಳಿಸುವ ಮೊದಲು "ಇದನ್ನು ನೋಡಿ ಅವಳು ಈ ರಾತ್ರಿ ಏನು ಮಾಡಬೇಕು?" ಅಂತ ಕೇಳಿಕೊಳ್ಳಿ ಅಂದೆ. ಉತ್ತರ ಇಲ್ಲದಿದ್ದರೆ ಕಳಿಸಬೇಡಿ. ಪೂರ್ತಿ ನಿಂತಿಲ್ಲ. ಕಡಿಮೆಯಾಗಿದೆ.

ನಿದ್ದೆ ಒಂದು ತಹಬಂದಿಗೆ ಬಂದ ಮೇಲೂ ಒಂದು ಉಳಿದಿತ್ತು. ಖುಷಿಯಾಗುವುದನ್ನೇ ಅವರು ನಿಲ್ಲಿಸಿಬಿಟ್ಟಿದ್ದರು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದದ್ದು ಮೇ 2ರಂದು, ಅದೇ ಬಂದ್ ದಿನ. ಜಿಲ್ಲೆಗೆ 91.12 ಶೇಕಡಾ, ರಾಜ್ಯಕ್ಕೇ ಮೊದಲು. ಟೀಚರ್ ಅವರ ಕ್ಲಾಸಿನ ಮಕ್ಕಳೂ ಚೆನ್ನಾಗಿ ಮಾಡಿದ್ದರು. ಒಂದು ಲಡ್ಡು ಹಂಚಲಿಲ್ಲ, ಅಂಗಡಿ ತೆರೆದಿರಲಿಲ್ಲ. ಆಮೇಲೆ ಹಂಚುವ ಮನಸ್ಸೂ ಇರಲಿಲ್ಲ. ಆ ಬಾಕಿ ತೀರಿಸಿ ಅಂದೆ. ಪಾಸಾದ ಮಕ್ಕಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ. ಮೆಸೇಜ್ ಅಲ್ಲ, ಫೋನ್.

ಮಳೆಗಾಲದ ತುಳು ತಿಂಗಳು ಆಟಿ ಬಂದಾಗ ಅತ್ತೆ ಹಿತ್ತಲಿನಿಂದ ಕೆಸುವಿನ ಎಲೆ ತಂದು ಪತ್ರೊಡೆಗೆ ಕೂತರು. ಟೀಚರ್‌ಗೆ ಮನಸ್ಸಾಗಲಿಲ್ಲ. ನನ್ನ ಹತ್ತಿರ ಕೇಳಿದ್ದರು: "ಊರು ಹೀಗಿರುವಾಗ ನಾನು ಪತ್ರೊಡೆ ಮಾಡಿ ತಿನ್ನುದಾ?" ಅಂಗಡಿಯವರಿಗೂ ಒಂದು ಡಬ್ಬಿ ಕೊಡಿ, ಆಗ ಸರಿಯಾ ಅಂತ ಕೇಳಿದೆ. ಮಾಡಿದರು. ಎಲೆಯ ಹಿಂಬದಿಯ ನರ ಕೆತ್ತಬೇಕು. ಅಕ್ಕಿ, ಮೆಣಸು, ಹುಣಸೆ, ಬೆಲ್ಲ ಅರೆದ ಹಿಟ್ಟನ್ನು ಮೂಲೆ ಮೂಲೆಗೂ ಸವರಬೇಕು. ಹುಣಸೆ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಎಲೆ ಮೇಲೆ ಎಲೆ ಇಟ್ಟು, ಮಡಚಿ, ಸುತ್ತಿ, ಹಬೆಗೆ ಇಡಬೇಕು. ಎರಡೂ ಕೈಗೆ ಮೊಣಕೈವರೆಗೆ ಹಿಟ್ಟು. ಹಾಲ್‌ನಲ್ಲಿ ಫೋನ್ ಟಿಂಗ್ ಅಂದರೂ ಮುಟ್ಟುವಂತಿಲ್ಲ. "ಆಮೇಲೆ ಅದು ಟಿಂಗ್ ಅಂದದ್ದೇ ಮರೆತು ಹೋಯ್ತು ಮೇಡಂ." ದಣಿವು ಆರಿಸಲು ಕಣ್ಣು ಮುಚ್ಚಿ ಕೂರುವುದು ಎಲ್ಲರಿಗೂ ಒಗ್ಗುವುದಿಲ್ಲ. ಕಾವಲು ಅಭ್ಯಾಸವಾದವರಿಗೆ ಕೈಗೆ ಕೆಲಸ ಕೊಡುವುದೇ ಮೇಲು. ಧ್ಯಾನ ಆಮೇಲೆ ನೋಡಿಕೊಂಡರಾಯಿತು.

ಮನೋವೈದ್ಯರ ಹತ್ತಿರ ಹೋಗುವ ಅಗತ್ಯ ಅವರಿಗೆ ಬೀಳಲಿಲ್ಲ. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಎರಡು ಮೂರು ವಾರ ನಿದ್ದೆ ಇಲ್ಲದಿದ್ದರೆ, ಊಟ ಸೇರದಿದ್ದರೆ, ಸಾಯುವ ಯೋಚನೆ ಬಂದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಟೀಚರ್ ಈಗ ತಿಂಗಳಿಗೊಮ್ಮೆ ಬರುತ್ತಾರೆ. ತಮ್ಮ ಪಾಳಿಯ ವಾರ ನಿದ್ದೆ ಸ್ವಲ್ಪ ಕೆಡುತ್ತದೆ, ಉಳಿದ ಎರಡು ವಾರ ಪರವಾಗಿಲ್ಲ. ಮೇ ತಿಂಗಳ ಜಗಳದಲ್ಲಿ ಮಾತು ಬಿಟ್ಟ ಪಕ್ಕದ ಮನೆಯ ಗೆಳತಿಯ ವಿಷಯ ಇನ್ನೂ ಹಾಗೇ ಇದೆ. ಮೊದಲು ಯಾರು ಮಾತಾಡಿಸಬೇಕು ಅನ್ನುವಲ್ಲಿ ನಿಂತಿದ್ದೇವೆ.